ಮನೆಯೊಳಗಿನ ಹವಳದ ಕಡಲು: ಗೃಹಜಲಾಲಯದ ಚರಿತ್ರೆಯಲ್ಲಿ ‘ಸಮತೋಲನ’ದ ಭಾವನೆ

ಗಾಜಿನ ತೊಟ್ಟಿಯಲ್ಲಿ ಕಡಲಿನ ಜೀವಿಗಳನ್ನು ಸಾಕುವುದು ಅನುಕೂಲವಂತರ ವಿನೋದವೆಂದು, ಹೆಚ್ಚೆಂದರೆ ಪ್ರಾಣಿಶಾಸ್ತ್ರದ ಹೊರಜಗುಲಿಯಲ್ಲಿ ಬೆಳೆದ ಒಂದು ಹವ್ಯಾಸವೆಂದು ಭಾವಿಸಿ, ಇತಿಹಾಸದ ವಿದ್ಯಾರ್ಥಿ ಅದನ್ನು ಕಡೆಗಣಿಸುವುದು ಸಹಜ. ಆದರೆ ಒಂದು ಕಾಲದ ಜನ ಪ್ರಕೃತಿಯನ್ನು ಹೇಗೆ ಭಾವಿಸಿಕೊಂಡಿದ್ದರೆಂಬುದನ್ನು ಅವರ ಗ್ರಂಥಗಳಿಂದ ತಿಳಿಯುವಂತೆಯೇ ಅವರು ಕಟ್ಟಿದ ವಸ್ತುಗಳಿಂದಲೂ ತಿಳಿಯಬಹುದು. ದೇವಾಲಯದ ಶಿಲ್ಪವನ್ನೂ ಕೆರೆಯ ಏರಿಯನ್ನೂ ಆಧಾರಗಳಾಗಿ ಓದುವ ನಾವು ಗಾಜಿನ ತೊಟ್ಟಿಯೊಂದನ್ನು ಹಾಗೆ ಓದಬಾರದೆಂಬ ನಿಯಮವೇನೂ ಇಲ್ಲ. ಹವಳವನ್ನು ಮನೆಯೊಳಗೆ ಜೀವಂತವಾಗಿ ಉಳಿಸಿಕೊಳ್ಳುವ ಪ್ರಯತ್ನದ ಚರಿತ್ರೆ ಸುಮಾರು ನೂರೆಂಬತ್ತು ವರ್ಷಗಳದು. ಈ ಅವಧಿಯ ಬಹುಭಾಗ ಆ ಪ್ರಯತ್ನವನ್ನು ನಡೆಸಿಕೊಂಡು ಬಂದ ಭಾವನೆ ಒಂದೇ: ಸಸ್ಯ, ಪ್ರಾಣಿ, ನೀರು ಇವನ್ನು ತಕ್ಕ ಪ್ರಮಾಣದಲ್ಲಿ ಕೂಡಿಸಿದರೆ ತೊಟ್ಟಿಯು ತನ್ನನ್ನು ತಾನೇ ನೋಡಿಕೊಳ್ಳುತ್ತದೆ ಎಂಬ ‘ಸಮತೋಲನ’ದ ಭಾವನೆ. ಆದರೆ ಈ ಸಮತೋಲನದ ಹಿಂದೆ ಪ್ರತಿಯೊಂದು ಘಟ್ಟದಲ್ಲಿಯೂ ಯಾರದೋ ಕೈಕೆಲಸ, ಯಾವುದೋ ಯಂತ್ರ, ಎಲ್ಲಿಯದೋ ಒಂದು ಕಡಲ ತೀರ ಇದ್ದೇ ಇತ್ತು. ಅವನ್ನು ಲೆಕ್ಕಕ್ಕೆ ಹಿಡಿಯದೆ ಹೋದುದೇ ಈ ಕಲೆಯ ಅನೇಕ ಸೋಲುಗಳಿಗೆ ಕಾರಣವೆಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಇಂದು ಇಂತಹ ತೊಟ್ಟಿಯೊಂದನ್ನು ಯೋಜಿಸುವವನ ಮುಂದಿರುವ ಪ್ರಶ್ನೆಗಳನ್ನು ನೋಡೋಣ. ಎರಡು ಮೀಟರು ಉದ್ದ, ಮುಕ್ಕಾಲು ಮೀಟರಿಗೆ ಕೊಂಚ ಕಡಮೆ ಅಗಲ, ಅಷ್ಟೇ ಎತ್ತರದ ತೊಟ್ಟಿ ಸುಮಾರು ೧,೦೦೦ ಲೀಟರು ನೀರನ್ನು ಹಿಡಿಯುತ್ತದೆ. ಸಮುದ್ರದ ನೀರು ಸಿಹಿನೀರಿಗಿಂತ ಭಾರ. ಆದುದರಿಂದ ನೀರೊಂದೇ ಒಂದು ಟನ್ನನ್ನು ಮೀರುತ್ತದೆ. ಗಾಜು, ಕಲ್ಲು, ಪೀಠಗಳು ಸೇರಿದರೆ ಮಹಡಿಯ ಮೇಲಿನ ಕೋಣೆ ಈ ಹೊರೆಯನ್ನು ತಾಳುವುದೇ ಎಂಬುದನ್ನು ಮೊದಲು ಕಟ್ಟಡದ ಇಂಜಿನಿಯರನ್ನು ಕೇಳಬೇಕಾಗುತ್ತದೆ. ಕೃತಕವಾಗಿ ಸಮುದ್ರಜಲವನ್ನು ತಯಾರಿಸುವುದಾದರೆ ಲೀಟರಿಗೆ ಸುಮಾರು ೩೫ ಗ್ರಾಂ ಲವಣದಂತೆ ಒಂದು ಸಲಕ್ಕೇ ೩೫ ಕಿಲೋಗ್ರಾಂ ಬೇಕು. ಬೆಂಗಳೂರಿನ ಕೊಳವೆಬಾವಿಯ ಗಡಸುನೀರು ಇದಕ್ಕೆ ಒದಗದು. ಅದನ್ನು ಮೊದಲು ಶುದ್ಧೀಕರಿಸಬೇಕು. ಇವೆಲ್ಲ ದುಡ್ಡಿನಿಂದ ಬಗೆಹರಿಯುವ ಪ್ರಶ್ನೆಗಳು. ಬಗೆಹರಿಯದವು ಬೇರೆ: ನೀರಿಗೆ ಉಸಿರನ್ನು ಕೊಡುವವರಾರು? ಜೀವಿಗಳ ಮಲವನ್ನು ನಿರ್ವಿಷಗೊಳಿಸುವವರಾರು? ಹವಳಕ್ಕೆ ಬೇಕಾದ ಬೆಳಕೆಷ್ಟು, ಸುಣ್ಣವೆಷ್ಟು? ಹವಳವನ್ನೂ ಕಲ್ಲನ್ನೂ ಎಲ್ಲಿಂದ ತರುವುದು? ಈ ಪ್ರಶ್ನೆಗಳು ಚರಿತ್ರೆಯಲ್ಲಿ ಹೆಚ್ಚುಕಡಮೆ ಇದೇ ಅನುಕ್ರಮದಲ್ಲಿ ಎದ್ದವೆಂಬುದು ಗಮನಾರ್ಹ.

ಕಡಲಿನ ಜಲಾಲಯದ ಕಥೆ ಮೀನಿನಿಂದಲ್ಲ, ಹವಳದಿಂದಲೇ ಪ್ರಾರಂಭವಾಗುತ್ತದೆಂಬುದನ್ನು ಬಹುಮಂದಿ ಗಮನಿಸಿದಂತಿಲ್ಲ. ೧೮೪೬ರ ಶರತ್ಕಾಲದಲ್ಲಿ ಅನ್ನಾ ಥಿನ್ ಎಂಬಾಕೆ ಇಂಗ್ಲೆಂಡಿನ ದಕ್ಷಿಣ ತೀರದ ಟಾರ್ಕಿ ಎಂಬ ಊರಿಗೆ ಹೋಗಿದ್ದಳು. ಆಕೆಯ ಪತಿ ವೆಸ್ಟ್‌ಮಿನ್‌ಸ್ಟರ್ ಮಠಾಲಯದಲ್ಲಿ ಉಪಾಧಿಕಾರಿಯಾಗಿದ್ದ ಪಾದ್ರಿ. ಶಿಲಾಪ್ರಾಣಿಗಳ ವಿಷಯದಲ್ಲಿ ಆಸಕ್ತಿಯಿದ್ದ ಆಕೆ ಅಲ್ಲಿನ ಬಂಡೆಗಳಲ್ಲಿ ಬೆಳೆಯುವ ಒಂಟಿಹವಳಗಳನ್ನು ಕಂಡು ಅವನ್ನು ಜೀವಂತವಾಗಿ ಲಂಡನ್ನಿಗೆ ಒಯ್ಯಬೇಕೆಂದು ಬಯಸಿದಳು. ದಾರಿಯ ಕುಲುಕಾಟಕ್ಕೆ ಪ್ರಾಣಿಗಳು ಒಂದಕ್ಕೊಂದು ತಗಲಿ ನಜ್ಜುಗುಜ್ಜಾಗಬಾರದೆಂದು ಅವುಗಳನ್ನು ಸೂಜಿದಾರದಿಂದ ಸ್ಪಂಜಿಗೆ ಹೊಲಿದು, ಕಡಲನೀರು ತುಂಬಿದ ಕಲ್ಲಿನ ಜಾಡಿಯಲ್ಲಿಟ್ಟು ಸಾಗಿಸಿದಳು. ಮನೆಯಲ್ಲಿ ಅವುಗಳನ್ನು ಗಾಜಿನ ಪಾತ್ರೆಗಳಿಗೆ ಬಿಟ್ಟಾಯಿತು. ಆದರೆ ಲಂಡನ್ನಿನಲ್ಲಿ ಕಡಲನೀರೆಲ್ಲಿ? ಇದ್ದ ನೀರನ್ನೇ ಮತ್ತೆ ಮತ್ತೆ ಬಳಸಬೇಕಾಯಿತು. ಬಳಸಿದ ನೀರು ಕೆಡದಿರಲು ಅದನ್ನು ತೆರೆದ ಕಿಟಕಿಯ ಬಳಿ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಸುರಿಯುವ ಉಪಾಯವನ್ನು ಆಕೆ ಕಂಡುಕೊಂಡಳು. ಪ್ರತಿಸಲವೂ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯವರೆಗೆ ಹೀಗೆ ಸುರಿಯಬೇಕಾಗಿತ್ತು. ಸುರಿದವಳು ಆಕೆಯಲ್ಲ, ಮನೆಯ ಕೆಲಸದ ಹುಡುಗಿ.

ಈ ಹುಡುಗಿಯ ಹೆಸರು ದಾಖಲೆಯಲ್ಲಿಲ್ಲ. ಆಯಾಸದ ಕೆಲಸವಾದರೂ ಅವಳು ಅದನ್ನು ಆಟವೆಂಬಂತೆ ಮಾಡುತ್ತಿದ್ದಳೆಂದು ಒಡತಿ ಮುಂದೆ ೧೮೫೯ರಲ್ಲಿ ಪ್ರಕಟವಾದ ತನ್ನ ಲೇಖನದಲ್ಲಿ ನೆನೆಸಿಕೊಂಡಿದ್ದಾಳೆ. ಹುಡುಗಿಗೂ ಹಾಗೆಯೇ ತೋರುತ್ತಿತ್ತೇ ಎಂಬುದನ್ನು ಅವಳನ್ನೇ ಕೇಳಿದವರಿಲ್ಲ. ಏನೇ ಇರಲಿ, ಇಂದು ವಿದ್ಯುತ್ತಿನಿಂದ ನಡೆಯುವ ಗಾಳಿಯ ಪಂಪು ಮಾಡುವ ಕೆಲಸವನ್ನು ಚರಿತ್ರೆಯಲ್ಲಿ ಮೊದಲು ಮಾಡಿದವು ಅವಳ ತೋಳುಗಳು. ೧೮೪೭ರಲ್ಲಿ ಅನ್ನಾ ಥಿನ್ ಪಾತ್ರೆಗಳಿಗೆ ಕಡಲಪಾಚಿಯನ್ನೂ ಸೇರಿಸಿದಳು. ಹಗಲಿನ ಬೆಳಕಿನಲ್ಲಿ ಪಾಚಿ ಬಿಡುವ ಆಮ್ಲಜನಕದಿಂದ ನೀರು ಬಹುಮಟ್ಟಿಗೆ ತಾನಾಗಿಯೇ ಶುದ್ಧವಾಗತೊಡಗಿತು. ಹೀಗೆ ಸುಮಾರು ಮೂರು ವರ್ಷ ಆಕೆಯ ಹವಳಗಳು ಸಮುದ್ರದಿಂದ ದೂರದ ನಗರದಲ್ಲಿ ಬದುಕಿದವು. ಈ ಯಶಸ್ಸಿಗೆ ಆಗ ಯಾರಿಗೂ ತಿಳಿಯದ ಇನ್ನೊಂದು ಕಾರಣವಿತ್ತು: ಟಾರ್ಕಿಯ ಆ ಹವಳ ತಂಪುಕಡಲಿನದು, ಉಷ್ಣವಲಯದ ಹವಳಗಳಂತೆ ಅದು ಸೂರ್ಯನ ಬೆಳಕನ್ನು ಅವಲಂಬಿಸಿ ಬದುಕುವುದಲ್ಲ. ಬಂಗಾಳಕೊಲ್ಲಿಯ ಹವಳವೊಂದನ್ನು ಆಕೆ ತರಿಸಿದ್ದರೆ ವೆಸ್ಟ್‌ಮಿನ್‌ಸ್ಟರಿನ ಮಬ್ಬುಬೆಳಕಿನಲ್ಲಿ ಅದು ಹೆಚ್ಚುಕಾಲ ಉಳಿಯುತ್ತಿರಲಿಲ್ಲ.

ಅನುಭವದಿಂದ ದೊರೆತುದಕ್ಕೆ ಶಾಸ್ತ್ರದ ರೂಪ ಕೊಟ್ಟವನು ಔಷಧಿಕಾರರ ಸಂಘದಲ್ಲಿ ರಸಾಯನಶಾಸ್ತ್ರಜ್ಞನಾಗಿದ್ದ ರಾಬರ್ಟ್ ವಾರಿಂಗ್ಟನ್. ೧೮೪೯ರಲ್ಲಿ ಅವನು ಸುಮಾರು ಹನ್ನೆರಡು ಗ್ಯಾಲನ್ನಿನ ಗಾಜಿನ ಪಾತ್ರೆಯಲ್ಲಿ ಚಿನ್ನದ ಬಣ್ಣದ ಮೀನು, ನೀರಿನ ಗಿಡ, ಬಸವನಹುಳು ಇವನ್ನು ಒಟ್ಟಿಗೆ ಇಟ್ಟು, ಪ್ರಾಣಿ ಬಿಡುವ ಇಂಗಾಲಾಮ್ಲವಾಯುವನ್ನು ಸಸ್ಯವೂ, ಸಸ್ಯ ಬಿಡುವ ಆಮ್ಲಜನಕವನ್ನು ಪ್ರಾಣಿಯೂ ಬಳಸಿಕೊಳ್ಳುವ ಕ್ರಮವನ್ನು ವಿವರಿಸಿದನು. ಕೊಳೆತ ಎಲೆಗಳನ್ನು ತಿನ್ನುವ ಬಸವನಹುಳುವಿಗೆ ಈ ವ್ಯವಸ್ಥೆಯಲ್ಲಿ ಜಾಡಮಾಲಿಯ ಕೆಲಸ. ಮರುವರ್ಷ ರಸಾಯನಶಾಸ್ತ್ರ ಸಂಘದ ಮುಂದೆ ಬಂದ ಈ ವರದಿಯಿಂದ ‘ಸಮತೋಲನದ ಜಲಾಲಯ’ ಎಂಬ ಭಾವನೆ ಬೇರೂರಿತು. ಅನಿಲಗಳ ಮಟ್ಟಿಗೆ ಅದು ಸರಿಯಾದುದೇ. ಆದರೆ ನೀರಿನಲ್ಲಿ ಕರಗಿ ಉಳಿಯುವ ಮಲಾಂಶದ ಗತಿಯೇನು ಎಂಬ ಪ್ರಶ್ನೆಯನ್ನು ಅದು ಮುಟ್ಟಲಿಲ್ಲ. ಅಂದಿನ ರಸಾಯನಶಾಸ್ತ್ರದಲ್ಲಿ ಅದಕ್ಕೆ ಉತ್ತರವೂ ಇರಲಿಲ್ಲ.

ಈ ಭಾವನೆಯನ್ನು ಮನೆಮನೆಗೆ ಮುಟ್ಟಿಸಿದವನು ಫಿಲಿಪ್ ಹೆನ್ರಿ ಗಾಸ್. ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಮೃಗಾಲಯದಲ್ಲಿ ೧೮೫೩ರಲ್ಲಿ ಮತ್ಸ್ಯಗೃಹ ತೆರೆದಾಗ ಅದಕ್ಕೆ ಕಡಲಿನ ಪ್ರಾಣಿಗಳನ್ನು ಸಂಗ್ರಹಿಸಿ ಕಳುಹಿಸಿದವರಲ್ಲಿ ಅವನೂ ಒಬ್ಬ. ಮರುವರ್ಷ ಪ್ರಕಟವಾದ ಅವನ ‘ದಿ ಅಕ್ವೇರಿಯಂ’ ಎಂಬ ಪುಸ್ತಕದಿಂದಲೇ ಆ ಹೆಸರು ಬಳಕೆಯಲ್ಲಿ ನಿಂತಿತು. ಲ್ಯಾಟಿನ್ನಿನಲ್ಲಿ ಆ ಶಬ್ದಕ್ಕೆ ದನಕರುಗಳು ನೀರು ಕುಡಿಯುವ ಸ್ಥಳವೆಂದು ಅರ್ಥವಿತ್ತೆಂಬುದನ್ನು ಹೇಳಿದರೆ ನಮ್ಮ ಹಳ್ಳಿಯ ಓದುಗರು ನಗಬಹುದು. ಗಾಜಿನ ಮೇಲಿನ ಸುಂಕ ೧೮೪೫ರಲ್ಲಿಯೇ ರದ್ದಾಗಿತ್ತು. ರೈಲುಗಾಡಿ ಮಧ್ಯಮವರ್ಗದವರನ್ನು ಕಡಲ ತೀರಕ್ಕೆ ಒಯ್ಯುತ್ತಿತ್ತು. ಕಡಲು ದೂರವಿರುವವರಿಗಾಗಿ ೧೮೫೪ರಲ್ಲಿ ಗಾಸ್ ಕೃತಕ ಸಮುದ್ರಜಲದ ಪಾಕವನ್ನೂ ಪ್ರಕಟಿಸಿದನು. ಅಡಿಗೆಯ ಉಪ್ಪು, ಎಪ್ಸಮ್ ಲವಣ, ಮೆಗ್ನೀಷಿಯಂ ಕ್ಲೋರೈಡು, ಪೊಟ್ಯಾಸಿಯಂ ಕ್ಲೋರೈಡು ಎಂಬ ನಾಲ್ಕೇ ಲವಣಗಳು ಅದರಲ್ಲಿದ್ದವು. ಸುಣ್ಣದ ಲವಣಗಳನ್ನು ಅವನು ಬೇಕೆಂದೇ ಬಿಟ್ಟಿದ್ದನು. ನದಿಯ ನೀರಿನಲ್ಲಿ ಅದು ಹೇಗೂ ಇರುತ್ತದೆಂಬುದು ಅವನ ಎಣಿಕೆ. ಅನಿಮೋನಿಗಳನ್ನು ಸಾಕುವವರಿಗೆ ಈ ಲೋಪದಿಂದ ತೊಂದರೆಯಾಗಲಿಲ್ಲ. ಆದರೆ ಹವಳವೆಂದರೆ ನೀರಿನಿಂದ ಸುಣ್ಣವನ್ನು ತೆಗೆದು ಮನೆ ಕಟ್ಟಿಕೊಳ್ಳುವ ಪ್ರಾಣಿ. ಅಂತಹ ಪ್ರಾಣಿಗೆ ಸುಣ್ಣವನ್ನು ಅಳೆದು ಕೊಡಬೇಕೆಂಬ ಅರಿವು ಮೂಡಲು ಇನ್ನೂ ಒಂದು ಶತಮಾನ ಕಳೆಯಬೇಕಾಯಿತು.

ಆ ದಶಕದ ಜಲಾಲಯದ ಹುಚ್ಚು ಬಂದಷ್ಟೇ ಬೇಗ ಇಳಿಯಿತು. ಪುಸ್ತಕ ಓದಿ ತೊಟ್ಟಿ ಕಟ್ಟಿದವರ ನೀರು ಕಿಟಕಿಯ ಬಿಸಿಲಿಗೆ ಹಸುರುಗಟ್ಟಿತು, ಇಲ್ಲವೆ ಸತ್ತ ಪ್ರಾಣಿಯೊಂದರಿಂದ ಒಂದೇ ರಾತ್ರಿಯಲ್ಲಿ ಕೊಳೆಯಿತು. ತೀರಗಳಾದರೋ ಬರಿದಾದವು. ಗಾಸನ ಮಗ ಎಡ್ಮಂಡ್ ೧೯೦೭ರಲ್ಲಿ ಪ್ರಕಟಿಸಿದ ತನ್ನ ಆತ್ಮಕಥೆಯಲ್ಲಿ, ತನ್ನ ಬಾಲ್ಯದಲ್ಲಿ ತುಂಬಿ ತುಳುಕುತ್ತಿದ್ದ ಬಂಡೆಯ ಮಡುಗಳನ್ನು ಸಂಗ್ರಾಹಕರ ದಂಡು ಹಾಳುಮಾಡಿತೆಂದೂ, ಅದಕ್ಕೆ ತನ್ನ ತಂದೆಯ ಪುಸ್ತಕಗಳೇ ಅರಿಯದೆ ಕಾರಣವಾದುವೆಂದೂ ಬರೆದಿದ್ದಾನೆ. ಈ ಕಲೆಯ ಬಗ್ಗೆ ಬರೆದವರಲ್ಲಿ ತೊಟ್ಟಿಯ ಹೊರಗಿನ ತೀರವನ್ನು ಲೆಕ್ಕಕ್ಕೆ ಹಿಡಿದ ಮೊದಲಿಗರಲ್ಲಿ ಅವನೊಬ್ಬನೆನ್ನಬಹುದು.

ಸೋಲಿನಿಂದ ಸರಿಯಾದ ಪಾಠ ಕಲಿತವನು ವಿಲಿಯಂ ಆಲ್ಫರ್ಡ್ ಲಾಯ್ಡ್ ಎಂಬ ವ್ಯಾಪಾರಿ. ಲಂಡನ್ನಿನಲ್ಲಿ ಕಡಲಜೀವಿಗಳ ಅಂಗಡಿಯನ್ನಿಟ್ಟಿದ್ದ ಇವನು ಪಂಡಿತನಲ್ಲ. ಆದರೆ ಸಾಯುವ ಪ್ರಾಣಿಯಿಂದ ನಷ್ಟವಾಗುವುದು ತನಗೇ ಆದುದರಿಂದ ಗಮನವಿಟ್ಟು ನೋಡಿದವನು. ಕತ್ತಲಲ್ಲಿಟ್ಟ ನೀರಿನಲ್ಲಿ ಹಸುರು ಕಳೆಯುತ್ತದೆಂಬುದನ್ನೂ, ನಿಂತ ನೀರಿಗಿಂತ ಹರಿಯುವ ನೀರು ಬಹುಪಾಲು ಪ್ರಾಣಿಗಳನ್ನು ಹೆಚ್ಚಾಗಿ ತಾಳುತ್ತದೆಂಬುದನ್ನೂ ಅವನು ಕಂಡುಕೊಂಡನು. ೧೮೬೪ರಲ್ಲಿ ತೆರೆದ ಹಾಂಬರ್ಗಿನ ಜಲಾಲಯದಲ್ಲಿಯೂ ೧೮೭೧ರ ಲಂಡನ್ ಕ್ರಿಸ್ಟಲ್ ಪ್ಯಾಲೇಸಿನದರಲ್ಲಿಯೂ ಪ್ರದರ್ಶನದ ತೊಟ್ಟಿಗಳ ಕೆಳಗೆ ಅವುಗಳಿಗಿಂತ ಎಷ್ಟೋ ದೊಡ್ಡದಾದ ಕತ್ತಲ ಕೊಳವನ್ನು ಕಟ್ಟಿಸಿ, ಉಗಿಯಂತ್ರದಿಂದ ಅಲ್ಲಿನ ನೀರನ್ನು ಹಗಲಿರುಳು ಮೇಲೆತ್ತಿ ಹರಿಸುವ ಏರ್ಪಾಡನ್ನು ಅವನು ಜಾರಿಗೆ ತಂದನು. ಇಂದಿನ ಗೃಹಜಲಾಲಯದಲ್ಲಿ ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಅಡಗಿಸಿಡುವ ‘ಸಂಪು’ ಲಾಯ್ಡನ ಆ ಕೊಳದ ಸಣ್ಣ ಪ್ರತಿರೂಪವೇ. ನೋಡುವವರ ಕಣ್ಣಿಗೆ ಬೀಳುವ ನೀರಿಗಿಂತ ಬೀಳದ ನೀರು ಹೆಚ್ಚು ಇರಬೇಕೆಂಬ ಈ ತತ್ತ್ವ ವಾರಿಂಗ್ಟನ್ನನ ಸಮತೋಲನಕ್ಕಿಂತ ಹೆಚ್ಚು ಪ್ರಾಮಾಣಿಕವಾದುದೆಂದು ನಮ್ಮ ಅಭಿಪ್ರಾಯ. ಆದರೆ ಉಗಿಯಂತ್ರವನ್ನು ಮನೆಯಲ್ಲಿ ಯಾರು ಇಟ್ಟುಕೊಳ್ಳಬೇಕು? ಕಡಲಿನ ಜಲಾಲಯ ಮುಂದಿನ ಎಷ್ಟೋ ದಶಕ ಮುಖ್ಯವಾಗಿ ಸಾರ್ವಜನಿಕ ಸಂಸ್ಥೆಗಳ ಸೊತ್ತಾಗಿ ಉಳಿಯಿತು.

ಮಲಾಂಶದ ಪ್ರಶ್ನೆಗೆ ಉತ್ತರ ಬಂದುದು ಮಣ್ಣಿನ ಶಾಸ್ತ್ರದಿಂದ. ೧೮೯೦ರ ಸುಮಾರಿಗೆ ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿ ಅಮೋನಿಯವನ್ನು ನೈಟ್ರೈಟಾಗಿಯೂ ನೈಟ್ರೈಟನ್ನು ನೈಟ್ರೇಟಾಗಿಯೂ ಮಾರ್ಪಡಿಸುವ ಸೂಕ್ಷ್ಮಜೀವಿಗಳನ್ನು ಬೇರ್ಪಡಿಸಿ ತೋರಿಸಿದನು. ತಿಪ್ಪೆಯ ಗೊಬ್ಬರ ಹೊಲದಲ್ಲಿ ಮಾಗುವ ಕ್ರಿಯೆಯೇ ತೊಟ್ಟಿಯ ಮರಳಿನಲ್ಲಿಯೂ ನಡೆಯುತ್ತದೆ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ನೆಲೆಸುವುದಕ್ಕೆ ಕೆಲವು ವಾರಗಳೇ ಬೇಕು. ಅದಕ್ಕೆ ಮೊದಲು ಪ್ರಾಣಿಗಳನ್ನು ಬಿಟ್ಟರೆ ತಮ್ಮದೇ ಅಮೋನಿಯದಿಂದ ಅವು ಸಾಯುತ್ತವೆ. ವಿಕ್ಟೋರಿಯ ಕಾಲದ ಗೃಹಿಣಿಯರನ್ನು ಕಂಗೆಡಿಸಿದ ‘ಒಂದೇ ರಾತ್ರಿಯ ಸಾವು’ಗಳಲ್ಲಿ ಹಲವಕ್ಕೆ ಇದೇ ಕಾರಣವಿದ್ದಿರಬೇಕು. ಆದರೂ ಜಲಾಲಯದ ಕೈಪಿಡಿಗಳು ಸಸ್ಯ–ಪ್ರಾಣಿಗಳ ಸಮತೋಲನವನ್ನೇ ಬೋಧಿಸುತ್ತಿದ್ದವು. ೧೯೪೯ರಲ್ಲಿ ಜೇಮ್ಸ್ ಆಟ್ಸ್ ಎಂಬ ಅಮೆರಿಕದ ಮತ್ಸ್ಯವಿಜ್ಞಾನಿ ಸಮತೋಲನದ ಜಲಾಲಯವೆಂಬುದು ಕಟ್ಟುಕಥೆಯೆಂದು ಬಹಿರಂಗವಾಗಿ ಬರೆದರು. ಒಂದು ಭಾವನೆ ಶಾಸ್ತ್ರದಿಂದ ಖಂಡಿತವಾದ ಮೇಲೂ ಬಳಕೆಯಲ್ಲಿ ಎಷ್ಟುಕಾಲ ಉಳಿಯುತ್ತದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಇನ್ನು ಬೆಳಕಿನ ವಿಚಾರ. ಉಷ್ಣವಲಯದ ಹವಳದ ಅಂಗಾಂಶದೊಳಗೆ ಕಂದುಬಣ್ಣದ ಏಕಕೋಶ ಪಾಚಿಗಳಿರುವುದನ್ನು ೧೯ನೆಯ ಶತಮಾನದಲ್ಲಿಯೇ ಗುರುತಿಸಲಾಗಿತ್ತು; ೧೮೮೧ರಲ್ಲಿ ಕಾರ್ಲ್ ಬ್ರಾಂಟ್ ಅವಕ್ಕೆ ‘ಜೂಜ್ಯಾಂಥೆಲ್ಲ’ ಎಂದು ಹೆಸರಿಟ್ಟನು. ಅವುಗಳಿಂದ ಹವಳಕ್ಕೇನು ಪ್ರಯೋಜನವೆಂಬ ವಿಷಯದಲ್ಲಿ ಮಾತ್ರ ದೀರ್ಘವಾದ ವಿವಾದ ನಡೆಯಿತು. ೧೯೨೮–೨೯ರಲ್ಲಿ ಆಸ್ಟ್ರೇಲಿಯದ ಮಹಾ ಹವಳದಿಬ್ಬಕ್ಕೆ ಹೋದ ಬ್ರಿಟಿಷ್ ಸಂಶೋಧನ ತಂಡದ ನಾಯಕ ಸಿ. ಎಂ. ಯೊಂಗ್, ಹವಳವು ಮೂಲತಃ ಮಾಂಸಾಹಾರಿ, ಪಾಚಿ ಅದರ ತ್ಯಾಜ್ಯವನ್ನು ಹೀರುವ ಸೇವಕ ಮಾತ್ರ ಎಂಬ ನಿರ್ಣಯಕ್ಕೆ ಬಂದರು. ಜಮೈಕದಲ್ಲಿ ಕೆಲಸ ಮಾಡುತ್ತಿದ್ದ ಥಾಮಸ್ ಗೋರೊ ಅವರು ವಿಕಿರಣಶೀಲ ಕ್ಯಾಲ್ಸಿಯಂ ಬಳಸಿ ನಡೆಸಿದ ಪ್ರಯೋಗಗಳು ೧೯೫೯ರಲ್ಲಿ ಪ್ರಕಟವಾದುವು. ಬೆಳಕಿನಲ್ಲಿ ಹವಳ ಸುಣ್ಣವನ್ನು ಕಟ್ಟಿಕೊಳ್ಳುವ ವೇಗ ಕತ್ತಲಿನಲ್ಲಿರುವುದಕ್ಕಿಂತ ಬಹಳ ಹೆಚ್ಚೆಂದು ಅವು ತೋರಿಸಿದುವು. ಪಾಚಿ ತಯಾರಿಸಿದ ಆಹಾರವೇ ಹವಳವನ್ನು ಬಹುಮಟ್ಟಿಗೆ ಪೋಷಿಸುತ್ತದೆಂಬುದೂ ಕ್ರಮೇಣ ಸ್ಥಿರಪಟ್ಟಿತು. ಹೀಗೆ, ವಾರಿಂಗ್ಟನ್ನನು ಪಾತ್ರೆಯಲ್ಲಿ ಹುಡುಕಿದ ಸಸ್ಯ–ಪ್ರಾಣಿಗಳ ಕೊಡುಕೊಳೆ ಹವಳದ ಮೈಯೊಳಗೇ ನಡೆಯುತ್ತಿತ್ತು! ಆದರೆ ಅದನ್ನು ನಡೆಸಲು ಉಷ್ಣವಲಯದ ಸೂರ್ಯ ಬೇಕು.

ಸೂರ್ಯನೂ ಕಡಲೂ ಬಳಿಯಲ್ಲಿದ್ದವರು ಮೊದಲು ಗೆದ್ದುದು ಆಶ್ಚರ್ಯವಲ್ಲ. ನ್ಯೂ ಕ್ಯಾಲಿಡೋನಿಯ ದ್ವೀಪದ ನೂಮಿಯದಲ್ಲಿ ರೆನೆ ಕತಾಲ ಮತ್ತು ಅವರ ಪತ್ನಿ ೧೯೫೬ರಲ್ಲಿ ತೆರೆದ ಜಲಾಲಯದಲ್ಲಿ ಕಡಲಿನಿಂದ ನೇರವಾಗಿ ಹರಿದು ಬರುವ ನೀರಿನಲ್ಲಿ, ಸಹಜವಾದ ಬೆಳಕಿನಲ್ಲಿ, ಜೀವಂತ ಹವಳಗಳು ಬೆಳೆದವು. ಜಕಾರ್ತದ ಲೀ ಚಿನ್ ಎಂಗ್ ಎಂಬ ಹವ್ಯಾಸಿ ೧೯೬೧ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ತಮ್ಮ ‘ಪ್ರಕೃತಿಯ ಪದ್ಧತಿ’ಯನ್ನು ವಿವರಿಸಿದರು. ಶೋಧಕಯಂತ್ರವಿಲ್ಲ, ಹವಳದಿಬ್ಬದಿಂದ ತಂದ ರಂಧ್ರಮಯವಾದ ಕಲ್ಲುಗಳು, ಕಡಲ ನೀರು, ಬಿಸಿಲು, ಗಾಳಿಯ ಗುಳ್ಳೆಗಳ ಒಂದು ಎಳೆ, ಇಷ್ಟೇ. ಕಲ್ಲಿನ ಮೈಯಲ್ಲಿ ನೆಲೆಸಿದ ಅಸಂಖ್ಯ ಜೀವಿಗಳೇ ನೀರನ್ನು ಶುದ್ಧಗೊಳಿಸುತ್ತಿದ್ದವು. ಹೊರಮೈಯ ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೇಟಾಗಿಸಿದರೆ, ಆಮ್ಲಜನಕ ಮುಟ್ಟದ ಒಳರಂಧ್ರಗಳ ಜೀವಿಗಳು ಆ ನೈಟ್ರೇಟನ್ನು ಸಾರಜನಕ ವಾಯುವಾಗಿಸಿ ಹೊರಗೆ ಬಿಡುತ್ತವೆ. ಇದೊಂದು ನಿಜವಾದ ಆವಿಷ್ಕಾರ; ‘ಸಜೀವ ಶಿಲೆ’ ಎಂದು ಮುಂದೆ ಪ್ರಸಿದ್ಧವಾದುದು ಇದೇ. ಆದರೆ ಪಾಶ್ಚಾತ್ಯ ಹವ್ಯಾಸಿಗಳಿಗೆ ಇದನ್ನು ಅನುಸರಿಸುವುದು ಸುಲಭವಾಗಲಿಲ್ಲ. ದಾರಿಯಲ್ಲಿ ಕಲ್ಲಿನ ಜೀವಿಗಳು ಸತ್ತು ಕೊಳೆಯುತ್ತಿದ್ದವು. ಚಳಿಗಾಲದ ಕೋಣೆಯ ಬೆಳಕು ಜಕಾರ್ತದ ಬಿಸಿಲಿಗೆ ಸಮವಾಗಲಿಲ್ಲ. ಪ್ರಕೃತಿಯ ಪದ್ಧತಿಯೆಂಬ ಹೆಸರಿನಲ್ಲಿ ಜಕಾರ್ತವೆಂಬ ಊರೇ ಅಡಗಿತ್ತೆಂಬುದನ್ನು ಓದುಗರು ಗಮನಿಸಲಿಲ್ಲ.

ಉತ್ತರದ ದೇಶಗಳಿಗೆ ಉತ್ತರ ಸಿಕ್ಕಿದ್ದು ಜರ್ಮನಿಯಲ್ಲಿ, ಅದೂ ಯಂತ್ರವನ್ನೂ ಜೀವವನ್ನೂ ಸಂಕೋಚವಿಲ್ಲದೆ ಕೂಡಿಸಿದುದರಿಂದ. ಅಲೆ ಒಡೆಯುವ ತೀರದಲ್ಲಿ ಹಳದಿಯ ನೊರೆ ಕಟ್ಟಿ ನಿಲ್ಲುವುದನ್ನು ಕಡಲು ಕಂಡವರೆಲ್ಲ ನೋಡಿದ್ದಾರೆ. ನೀರಿನಲ್ಲಿ ಕರಗಿದ ಜೀವಜನ್ಯ ಕಲ್ಮಷ ಗುಳ್ಳೆಯ ಮೈಗೆ ಅಂಟಿಕೊಳ್ಳುವುದರಿಂದ ಆಗುವ ನೊರೆ ಅದು. ಇದನ್ನೇ ಒಂದು ಕೊಳವೆಯೊಳಗೆ ಬೇಕೆಂದು ಎಬ್ಬಿಸಿ, ನೊರೆಯನ್ನು ಬಟ್ಟಲಿಗೆ ಹಿಡಿದು ಚೆಲ್ಲುವ ‘ಪ್ರೋಟೀನ್ ಸ್ಕಿಮ್ಮರ್’ ೧೯೬೦ರ ದಶಕದಲ್ಲಿ ಅಲ್ಲಿನ ಹವ್ಯಾಸಿಗಳಲ್ಲಿ ಬಳಕೆಗೆ ಬಂದಿತು. ಕಲ್ಮಷ ಕೊಳೆತು ಅಮೋನಿಯವಾಗುವುದಕ್ಕೆ ಮೊದಲೇ ಅದನ್ನು ತೆಗೆದುಹಾಕುವುದು ಇದರ ಹೆಚ್ಚಳ. ಪೀಟರ್ ವಿಲ್ಕೆನ್ಸ್ ೧೯೭೩ರಲ್ಲಿ ಪ್ರಕಟಿಸಿದ ಅಕಶೇರುಕಗಳ ಪುಸ್ತಕ ಇನ್ನೊಂದು ತೊಡಕನ್ನು ಬಿಡಿಸಿತು. ಬೆಳೆಯುವ ಹವಳ ನೀರಿನ ಕ್ಯಾಲ್ಸಿಯಂ ಅಂಶವನ್ನೂ ಕ್ಷಾರಾಂಶವನ್ನೂ ದಿನದಿನಕ್ಕೂ ಕಡಮೆ ಮಾಡುತ್ತದೆ. ಸಮುದ್ರದಲ್ಲಿ ಲೀಟರಿಗೆ ಸುಮಾರು ೪೧೦ ಮಿಲಿಗ್ರಾಂ ಇರುವ ಕ್ಯಾಲ್ಸಿಯಂ ಮುಚ್ಚಿದ ತೊಟ್ಟಿಯಲ್ಲಿ ಇಳಿಯುತ್ತ ಹೋಗುತ್ತದೆ. ವಿಲ್ಕೆನ್ಸ್ ಸೂಚಿಸಿದ ಪರಿಹಾರ ನಮ್ಮ ಅಜ್ಜಿಯಂದಿರಿಗೂ ಪರಿಚಿತವಾದ ಸುಣ್ಣದ ತಿಳಿ! ಸುಟ್ಟ ಸುಣ್ಣವನ್ನು ನೀರಿನಲ್ಲಿ ಕಲಸಿ, ತಳಕ್ಕೆ ಇಳಿಯಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ತೆಗೆದು, ತೊಟ್ಟಿಯಿಂದ ಆವಿಯಾದ ನೀರಿಗೆ ಬದಲಾಗಿ ತೊಟ್ಟು ತೊಟ್ಟಾಗಿ ಬಿಡುವುದು. ಲೀಟರು ನೀರಿನಲ್ಲಿ ಸುಮಾರು ಒಂದೂವರೆ ಗ್ರಾಂ ಸುಣ್ಣಕ್ಕಿಂತ ಹೆಚ್ಚು ಕರಗದು. ಆದರೆ ತಿಳಿಯ ಕ್ಷಾರ ತೀಕ್ಷ್ಣವಾದುದರಿಂದ ಒಮ್ಮೆಲೇ ಸುರಿದರೆ ತೊಟ್ಟಿಯೇ ನಾಶವಾದೀತು. ಗಾಸ್ ಬಿಟ್ಟಿದ್ದ ಐದನೆಯ ಲವಣ ಹೀಗೆ ತೊಟ್ಟಿಗೆ ಹಿಂದಿರುಗಿತು.

ಬರ್ಲಿನ್ನಿನ ಹವ್ಯಾಸಿಗಳು ಸಜೀವ ಶಿಲೆ, ನೊರೆಯ ಕೊಳವೆ, ಸುಣ್ಣದ ತಿಳಿ, ಪ್ರಖರವಾದ ಲೋಹ–ಹ್ಯಾಲೈಡು ದೀಪ ಇವುಗಳನ್ನು ಒಂದುಗೂಡಿಸಿ ರೂಪಿಸಿದ ಕ್ರಮಕ್ಕೆ ‘ಬರ್ಲಿನ್ ಪದ್ಧತಿ’ ಎಂದು ಹೆಸರಾಯಿತು. ಅವರಲ್ಲಿ ಡೀಟ್ರಿಷ್ ಸ್ಟ್ಯೂಬರ್ ಎಂಬವರ ತೊಟ್ಟಿಯಲ್ಲಿ ಕವಲೊಡೆದು ಬೆಳೆಯುವ ಅಕ್ರೊಪೋರ ಹವಳವೊಂದು ಎಷ್ಟು ಹುಲುಸಾಗಿ ಹಬ್ಬಿತೆಂದರೆ, ಅದರಿಂದ ಮುರಿದ ಕಡ್ಡಿಗಳು ಕೈಯಿಂದ ಕೈಗೆ ದಾಟಿ ಯೂರೋಪಿನಲ್ಲಿಯೂ ಅಮೆರಿಕದಲ್ಲಿಯೂ ಹರಡಿದುವು. ದಾಸವಾಳದ ಕಡ್ಡಿಯನ್ನು ನೆರೆಮನೆಯಿಂದ ತಂದು ನೆಡುವಂತೆ ಹವಳದ ಕಡ್ಡಿಯನ್ನು ನೆಡಬಹುದೆಂಬುದು ಆಗ ಹವ್ಯಾಸಿಗಳಿಗೆ ಮನವರಿಕೆಯಾಯಿತು. ಅಮೆರಿಕದಲ್ಲಿ ಹವಳತೊಟ್ಟಿಯ ಪ್ರಚಾರ ಹಬ್ಬಿದ್ದು ೧೯೮೬ರಲ್ಲಿ ಜಾರ್ಜ್ ಸ್ಮಿಟ್ ಬರೆದ ಲೇಖನಮಾಲೆಯಿಂದ. ಅವರು ವರ್ಣಿಸಿದ ಜಿನುಗುಶೋಧಕ ಅಮೋನಿಯವನ್ನು ಬೇಗ ನೈಟ್ರೇಟಾಗಿಸುತ್ತಿತ್ತು. ಆದರೆ ಅಲ್ಲಿಗೇ ನಿಲ್ಲುತ್ತಿದ್ದುದರಿಂದ ನೈಟ್ರೇಟು ಶೇಖರವಾಗಿ ಪಾಚಿಯ ಕಾಟ ಹೆಚ್ಚಿತು. ಮುಂದಿನ ದಶಕದಲ್ಲಿ ಅಲ್ಲಿಯವರೂ ಬರ್ಲಿನ್ನಿನ ಕಡೆಗೆ ತಿರುಗಿದರು. ಇದೇ ಕಾಲದಲ್ಲಿ ವಾಷಿಂಗ್‌ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ದೀಪದಡಿಯ ಜಾಲರಿಯಲ್ಲಿ ಪಾಚಿ ಬೆಳೆಸಿ ಕೊಯ್ಯುವ ಕ್ರಮವನ್ನೂ, ನೀಸ್ ವಿಶ್ವವಿದ್ಯಾನಿಲಯದ ಜಾಂ ಜೋಬೇರ್ ದಪ್ಪ ಮರಳಿನ ಪದರದಡಿಯಲ್ಲಿ ನಿಂತ ನೀರಿನ ಪೊಳ್ಳುಜಾಗವನ್ನು ಬಿಡುವ ಕ್ರಮವನ್ನೂ ರೂಪಿಸಿದರು. ಇವುಗಳ ಗುಣಾವಗುಣಗಳ ಚರ್ಚೆ ಇಲ್ಲಿ ಅಪ್ರಸ್ತುತ.

ತೀರದ ಲೆಕ್ಕಕ್ಕೆ ಬರೋಣ. ೧೮೫೦ರ ದಶಕದಲ್ಲಿ ಡೆವನ್ ತೀರಕ್ಕೆ ಆದುದೇ ಮುಂದೆ ಹೆಚ್ಚು ವಿಶಾಲವಾದ ಪ್ರಮಾಣದಲ್ಲಿ ಫಿಲಿಪೈನ್ಸ್, ಇಂಡೋನೇಷ್ಯ, ಫಿಜಿಗಳಿಗೆ ಆಯಿತು. ಫಿಲಿಪೈನ್ಸಿನಲ್ಲಿ ೧೯೬೦ರ ದಶಕದಿಂದ ಮೀನುಗಳನ್ನು ಮಂಕಾಗಿಸಿ ಹಿಡಿಯಲು ಸಯನೈಡನ್ನು ಎರಚುವ ಅಭ್ಯಾಸ ಹಬ್ಬಿತು. ಮೀನು ಬದುಕಿದರೂ ಅದರ ಆಸರೆಯ ಹವಳ ಸಾಯುತ್ತಿತ್ತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಕೇಂದ್ರವೊಂದು ೨೦೦೩ರಲ್ಲಿ ಹೊರತಂದ ವರದಿಯ ಪ್ರಕಾರ ಆಗ ವರ್ಷಕ್ಕೆ ೨ ಕೋಟಿಯಿಂದ ೨.೪ ಕೋಟಿ ಕಡಲಮೀನುಗಳೂ ಸುಮಾರು ೧.೨ ಕೋಟಿಯವರೆಗೆ ಹವಳದ ತುಂಡುಗಳೂ ಜಲಾಲಯಗಳಿಗಾಗಿ ಮಾರಾಟವಾಗುತ್ತಿದ್ದುವು. ಕಲ್ಲುಹವಳಗಳ ಅಂತರರಾಷ್ಟ್ರೀಯ ವ್ಯಾಪಾರವೆಲ್ಲ ೧೯೯೦ರಿಂದ ಪರವಾನಗಿಗೆ ಒಳಪಟ್ಟಿದೆ. ಫ್ಲಾರಿಡಾ ರಾಜ್ಯ ತನ್ನ ಕಡಲಿನಿ೦ದ ಸಜೀವ ಶಿಲೆ ಕೀಳುವುದನ್ನು ೧೯೮೯ರಲ್ಲಿ ನಿಷೇಧಿಸಿದ ಮೇಲೆ, ಗಣಿಯ ಸುಣ್ಣಕಲ್ಲನ್ನು ಕಡಲತಳದಲ್ಲಿ ಇಳಿಸಿ ಅದರ ಮೇಲೆ ಜೀವ ಹತ್ತುವವರೆಗೆ ಕಾಯುವ ಕೃಷಿ ಅಲ್ಲಿ ಬೆಳೆಯಿತು. ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣ ಶಾಸನದ ಮೊದಲನೆಯ ಅನುಸೂಚಿಗೆ ೨೦೦೧ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನೂ ಕಪ್ಪುಹವಳ ಮೊದಲಾದವನ್ನೂ ಸೇರಿಸಲಾಯಿತು. ಹುಲಿಗಿರುವ ರಕ್ಷಣೆಯೇ ಅವಕ್ಕೂ ದೊರೆಯಿತು. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತಣ ನೀರಿನಲ್ಲಿ ಹವಳಗಳನ್ನು ಕಣ್ಣಾರೆ ಕಂಡ ನಮ್ಮ ವಿದ್ಯಾರ್ಥಿಗಳು ಅವುಗಳ ಒಂದು ಚೂರನ್ನೂ ತಮ್ಮ ತೊಟ್ಟಿಗೆ ತರುವಂತಿಲ್ಲ. ತರಬಾರದು ಕೂಡ.

ಈ ಎಲ್ಲದರ ಪರಿಣಾಮವಾಗಿ ಇಂದಿನ ಯೋಜಕ ಬಹುಮಟ್ಟಿಗೆ ಒಣಕಲ್ಲಿನಿಂದಲೇ ಪ್ರಾರಂಭಿಸುತ್ತಾನೆ. ಸೂಕ್ಷ್ಮಜೀವಿಗಳನ್ನು ಸೀಸೆಯಿಂದ ಸುರಿಯುತ್ತಾನೆ. ಹವಳವನ್ನು ಇನ್ನೊಬ್ಬರ ತೊಟ್ಟಿಯಲ್ಲಿ ಬೆಳೆದ ತುಂಡಾಗಿ ಪಡೆಯುತ್ತಾನೆ. ನೊರೆಯ ಕೊಳವೆ ಈಗ ಎಷ್ಟು ಸಮರ್ಥವಾಗಿದೆಯೆಂದರೆ ನೀರು ಅತಿಯಾಗಿ ಶುದ್ಧವಾಗಿ, ನೈಟ್ರೇಟು ಫಾಸ್ಫೇಟುಗಳೆರಡೂ ಇಲ್ಲವಾಗಿ, ಹವಳ ಬಿಳಚಿಕೊಂಡು, ಡೈನೊಫ್ಲಾಜೆಲೇಟುಗಳ ಲೋಳೆ ಮರಳನ್ನು ಮುಚ್ಚುವುದುಂಟು. ಆಗ ನೂರು ವರ್ಷ ಶ್ರಮಪಟ್ಟು ಹೊರಗೆ ಹಾಕಲು ಕಲಿತ ನೈಟ್ರೇಟನ್ನು ಅವನೇ ಅಳೆದು ತೊಟ್ಟಿಗೆ ಸೇರಿಸುತ್ತಾನೆ. ವಿದ್ಯುತ್ತು ನಿಂತರೆ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಕುಗ್ಗುತ್ತದೆ. ಬೇಸಗೆಯಲ್ಲಿ ೨೬ ಡಿಗ್ರಿಯ ನೀರು ೩೦ನ್ನು ದಾಟಿದರೆ ಹವಳ ತನ್ನ ಪಾಚಿಯನ್ನು ಹೊರಹಾಕತೊಡಗುತ್ತದೆ. ಅದಕ್ಕಾಗಿ ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪನ್ನು ಕಪಾಟಿನಲ್ಲಿ ಸಿದ್ಧವಾಗಿಡುವುದು ವಾಡಿಕೆ. ಅದೂ ಇಲ್ಲದಾಗ ಅನುಭವಸ್ಥರು ಹೇಳುವ ಉಪಾಯ ಚೊಂಬಿನಿಂದ ನೀರನ್ನು ಮೊಗೆದು ಎತ್ತರದಿಂದ ಸುರಿಯುತ್ತಿರುವುದು.

ಅನ್ನಾ ಥಿನ್ ತನ್ನ ೧೮೫೯ರ ಲೇಖನವನ್ನು ಬರೆದದ್ದು ಹವಳಗಳ ಸಂತಾನವೃದ್ಧಿಯ ಬಗ್ಗೆ; ತನ್ನ ಪಾತ್ರೆಗಳಲ್ಲಿ ಅವು ಹೆಚ್ಚುತ್ತಿದ್ದುದನ್ನು ಆಕೆ ಕಂಡಿದ್ದಳು. ಅದೇ ಲಂಡನ್ ನಗರದ ದಕ್ಷಿಣ ಭಾಗದ ಹಾರ್ನಿಮನ್ ವಸ್ತುಸಂಗ್ರಹಾಲಯದ ಸಂಶೋಧಕರು, ಮಹಾ ಹವಳದಿಬ್ಬದ ಋತುಗಳ ಉಷ್ಣತೆ, ಹಗಲಿನ ಉದ್ದ, ಚಂದ್ರನ ವೃದ್ಧಿಕ್ಷಯಗಳನ್ನು ತೊಟ್ಟಿಯಲ್ಲಿ ಯಂತ್ರಗಳ ಮೂಲಕ ಅನುಕರಿಸಿ, ಅಕ್ರೊಪೋರ ಕುಲದ ೪ ಜಾತಿಗಳು ಕಾಲಕ್ಕೆ ಸರಿಯಾಗಿ ಮೊಟ್ಟೆ ಬಿಡುವಂತೆ ಮಾಡಿದ ಕ್ರಮವನ್ನು ೨೦೧೭ರಲ್ಲಿ ಪ್ರಕಟಿಸಿದರು. ದೀಪದ ಚಂದ್ರ ಹುಣ್ಣಿಮೆಯನ್ನು ಮುಟ್ಟಿದ ಮೇಲಿನ ರಾತ್ರಿಗಳಲ್ಲಿ ಕೆಂಪುಬೆಳಕು ಹಿಡಿದು ತೊಟ್ಟಿಯ ಬಳಿ ಎಚ್ಚರವಾಗಿದ್ದು ಕಾಯುವವರು ಮಾತ್ರ ಈಗಲೂ ಮನುಷ್ಯರೇ.